ಎಲೆಕ್ಟ್ರಿಕ್ ರೋಡ್ ಬೈಕ್‌ನಲ್ಲಿ ಮೊದಲು ಏನನ್ನು ಬದಲಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಜರ್ಮನಿಯಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ರೋಡ್ ಬೈಕ್ ತಗೊಂಡಿದ್ದೀರಿ. ಹಿಂದಿನ ಚಕ್ರದಲ್ಲಿ ಮಾಹ್ಲೆ ಎಕ್ಸ್35 ಮೋಟರ್, ಶಿಮಾನೊ ಕಂಪನಿಯ 105 ಅನ್ನುವ ಹನ್ನೊಂದು ಸ್ಪೀಡ್ ಗೇರು, ತೂಕ 14 ಕೆ.ಜಿ. ಖರ್ಚಿಗೆ 1,500 ಯೂರೋ ಇದೆ. ಕಾರ್ಬನ್ ಚಕ್ರ ಹಾಕಿಸಲಾ, ಎಲೆಕ್ಟ್ರಾನಿಕ್ ಗೇರು ಹಾಕಿಸಲಾ, ಗಂಟೆಗೆ 25 ಕಿ.ಮೀ. ಆದ ಮೇಲೆ ಮೋಟರ್ ಸಹಾಯ ನಿಲ್ಲಿಸುವ ವೇಗದ ಮಿತಿ ತೆಗೆಸಲಾ ಅಂತ ಕೇಳಿದ್ದೀರಿ.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಇದೇ ಮೋಟರ್ ಇರುವ ಬೈಕನ್ನು ನಾಲ್ಕು ವರ್ಷದಿಂದ ತುಳಿಯುತ್ತಿದ್ದೇನೆ. ಈ ಮೂರರಲ್ಲಿ ಒಂದೂ ಬೇಡ ಅನ್ನುವುದು ನನ್ನ ಉತ್ತರ. ಬೇಜಾರು ಮಾಡಿಕೊಳ್ಳಬೇಡಿ, ಮೊದಲನೆಯದನ್ನು ಮಾಡಿ ಕೈ ಸುಟ್ಟುಕೊಂಡವನು ನಾನು.

ಕಾರ್ಬನ್ ಚಕ್ರದ ಕತೆ ಕೇಳಿ. ಹಿಂದಿನ ಚಕ್ರದ ಹಬ್, ಅಂದರೆ ಕಡ್ಡಿಗಳು ಸೇರುವ ನಡುಭಾಗವೇ ಮೋಟರ್. ಹಾಗಾಗಿ ಅಂಗಡಿಯಲ್ಲಿ ಸಿಗುವ ಜೋಡಿ ಚಕ್ರದಲ್ಲಿ ಮುಂದಿನದನ್ನು ಮಾತ್ರ ಹಾಕಬಹುದು. ಹಿಂದೆಯೂ ಕಾರ್ಬನ್ ರಿಮ್ ಬೇಕೆಂದರೆ ಮೋಟರಿನ ಸುತ್ತ ಕಡ್ಡಿಗಳನ್ನೆಲ್ಲ ಹೊಸದಾಗಿ ಕಟ್ಟಿಸಬೇಕು. ನಾನು ಮುಂದಿನದೊಂದನ್ನೇ ಹಾಕಿಸಿದೆ. ಸುಮಾರು 300 ಗ್ರಾಂ ಕಮ್ಮಿಯಾಯಿತು. ನಮ್ಮೂರು ಒಂದು ಬಾಣಲೆ ಇದ್ದ ಹಾಗೆ, ಮಧ್ಯದಲ್ಲಿ ಪೇಟೆ, ಸುತ್ತ ಏರು. ಕೆಳಗಿನ ಮಾರಿಯೆನ್‌ಪ್ಲಾಟ್ಸ್ ಚೌಕದಿಂದ ಮೇಲಿನ ಡೇಗರ್‌ಲೋಖ್ ಬಡಾವಣೆಗೆ 205 ಮೀಟರ್ ಮೇಲೆ ಹತ್ತಬೇಕು. ನಾನು, ಬೈಕು ಎಲ್ಲ ಸೇರಿ 89 ಕೆ.ಜಿ. ಕಾಲು ಮತ್ತು ಮೋಟರ್ ಸೇರಿ 300 ವ್ಯಾಟ್ ಕೊಟ್ಟರೆ ಹತ್ತಲು ಹತ್ತು ನಿಮಿಷ ಹಿಡಿಯುತ್ತದೆ. ಅದರಲ್ಲಿ ಆ 300 ಗ್ರಾಂನಿಂದ ಉಳಿಯುವುದು ಎಷ್ಟು ಅಂತ ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಎರಡು ಸೆಕೆಂಡ್! ದಾರಿಯಲ್ಲಿ ಒಂದು ಕೆಂಪು ಸಿಗ್ನಲ್ ಸಿಕ್ಕರೆ ಅದೂ ಹೋಯಿತು. (ಇದೇ ಏರಿನಲ್ಲಿ 1884ರಿಂದ ಹಲ್ಲುಗಾಲಿಯ ರೈಲೊಂದು ಓಡುತ್ತಿದೆ. ಸೈಕಲ್ ಇಡಲು ಮುಂದೆ ಒಂದು ತೆರೆದ ಗಾಡಿ ಬೇರೆ ಇದೆ. ಆ ಚಕ್ರದ ದುಡ್ಡಿನಲ್ಲಿ ಎಷ್ಟು ಸಲ ಟಿಕೆಟ್ ತಗೊಳ್ಳಬಹುದಿತ್ತು ಅಂತ ಈಗಲೂ ಯೋಚಿಸುತ್ತೇನೆ.)

ಮೊದಲು ಟೈರ್ ಬದಲಿಸಿ. 25 ದಾಟಿದ ಕೂಡಲೇ ಮೋಟರ್ ಕೈ ಬಿಡುತ್ತದೆ, ಆಮೇಲೆ 14 ಕೆ.ಜಿ.ಯನ್ನು ಎಳೆಯುವುದು ನಿಮ್ಮ ಕಾಲೇ. ಒಳ್ಳೆಯ ಟೈರ್ ಹಾಕಿದ ವ್ಯತ್ಯಾಸ ಸಮತಟ್ಟು ರಸ್ತೆಯಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ. ಫ್ರೇಮ್‌ನಲ್ಲಿ ಜಾಗವಿದ್ದರೆ 32 ಎಂ.ಎಂ. ಅಗಲದ್ದು ಹಾಕಿ, ಇಲ್ಲದಿದ್ದರೆ 28. ಇನ್ನೊಂದು ಕಾರಣವೂ ಇದೆ. ಹಿಂದಿನ ಚಕ್ರ ಪಂಕ್ಚರ್ ಆದರೆ ಮೋಟರಿನ ವೈರ್ ಬಿಚ್ಚಬೇಕು, ಆಮೇಲೆ ಆಕ್ಸಲ್ (ಚಕ್ರದ ಅಚ್ಚು) ಸಡಿಲಿಸಬೇಕು. ಮಳೆಯಲ್ಲಿ, ಚಳಿಗೆ ಮರಗಟ್ಟಿದ ಬೆರಳಲ್ಲಿ ಈ ಕೆಲಸ ಯಾರಿಗೂ ಬೇಡ. ಹಿಂದಿನದಕ್ಕಾದರೂ ಪಂಕ್ಚರ್ ತಡೆಯುವ ಪದರ ಇರುವ ಟೈರನ್ನೇ ಆರಿಸಿ. ಆಕ್ಸಲ್ ಬಿಚ್ಚುವ ಕೀ ಸದಾ ಬ್ಯಾಗಿನಲ್ಲಿರಲಿ.

ಎರಡನೆಯದು ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು. ಮುಂದೆ 50/34, ಹಿಂದೆ 11-28 ಇದೆ ಅಂದಿದ್ದೀರಿ (ಇವು ಹಲ್ಲುಗಳ ಲೆಕ್ಕ: ಮುಂದೆ 50 ಮತ್ತು 34 ಹಲ್ಲಿನ ಎರಡು, ಹಿಂದೆ 11ರಿಂದ 28 ಹಲ್ಲಿನವರೆಗೆ). ತುಂಬಾ ಜನ ಇಲ್ಲೇ ಎಡವುವುದು: ‘ಮೋಟರ್ ಇದೆಯಲ್ಲ, ಸಣ್ಣ ಗೇರು ಯಾಕೆ?’ ಅನ್ನುತ್ತಾರೆ. ಹಬ್ ಮೋಟರಿನ ಬಲ ಚೈನ್ ಮೂಲಕ ಬರುವುದಿಲ್ಲ, ನೇರವಾಗಿ ಚಕ್ರಕ್ಕೇ ಹೋಗುತ್ತದೆ. ಅಂದರೆ ನೀವು ಯಾವ ಗೇರಿನಲ್ಲಿದ್ದರೂ ಅದಕ್ಕೆ ಒಂದೇ. ಚಕ್ರ ತೀರಾ ನಿಧಾನವಾಗಿ ತಿರುಗಿದರೆ ಮೋಟರ್ ದಕ್ಷತೆ ಬೀಳುತ್ತದೆ, ಬಿಸಿಯೂ ಏರುತ್ತದೆ. ಅಲ್ಲಿ ನಿಮ್ಮ ಕಾಲಿಗೆ ಬಿಡುವು ಕೊಡುವುದು ಗೇರು ಮಾತ್ರ. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ, 34ಕ್ಕೆ 28ರ ಗೇರಿನಲ್ಲಿ ಗಂಟೆಗೆ ಸುಮಾರು 9.3 ಕಿ.ಮೀ. ಹೋಗುತ್ತೀರಿ. 34ಕ್ಕೆ 34 ಆದರೆ 7.7. ಕಡಿದಾದ ಏರಿನಲ್ಲಿ ಮಂಡಿಗೆ ಇದು ದೊಡ್ಡ ವ್ಯತ್ಯಾಸ.

ಹಾಗಾಗಿ 11-34 ಹಾಕಿಸಿ. ಆದರೆ ಹಿಂದಿನ ಚಕ್ರದ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಯಾವುದು ನೋಡಿಕೊಳ್ಳಿ. 105ರ ಆರ್7000 ಸರಣಿಯಲ್ಲಿ ಎಸ್‌ಎಸ್ ಅಂತ ಬರುವ ಚಿಕ್ಕದು 30 ಹಲ್ಲಿನವರೆಗೆ ಮಾತ್ರ. ಜಿಎಸ್ ಆದರೆ 34 ಆಗುತ್ತದೆ. ಎಸ್‌ಎಸ್ ಇದ್ದರೆ ಅದನ್ನೂ ಬದಲಿಸಬೇಕು. ಚೈನ್ ಹೇಗೂ ಹೊಸದು ಬೇಕು, ಹಳೆಯದು ಉದ್ದ ಸಾಲುವುದಿಲ್ಲ.

ಇಲ್ಲಿ ನನಗಾದ ಫಜೀತಿ ಹೇಳಲೇಬೇಕು. ಒಂದು ಅಂಗಡಿಯಲ್ಲಿ ಕ್ಯಾಸೆಟ್ ಹಾಕಿಸಿಕೊಂಡು ಹೊರಟೆ. ಮೋಟರ್ ಆನ್ ಆಗುತ್ತಿದೆ, ದೀಪ ಉರಿಯುತ್ತಿದೆ, ತುಳಿದರೆ ಮಾತ್ರ ಸಹಾಯವೇ ಇಲ್ಲ. ಬ್ಯಾಟರಿ ಸತ್ತಿರಬೇಕು ಅಂದುಕೊಂಡು ಎರಡು ದಿನ ಒದ್ದಾಡಿದೆ. ಆಮೇಲೆ ಗೊತ್ತಾಯಿತು. ನೀವು ಪೆಡಲ್ ತುಳಿಯುತ್ತಿದ್ದೀರಿ ಅಂತ ಈ ಮೋಟರಿಗೆ ತಿಳಿಯುವುದು ಕ್ಯಾಸೆಟ್ಟನ್ನು ಬಿಗಿದು ಹಿಡಿಯುವ ಬಳೆ, ಅಂದರೆ ಲಾಕ್‌ರಿಂಗ್‌ನಿಂದ. ಅದರಲ್ಲಿ ಸಣ್ಣ ಸಣ್ಣ ಮ್ಯಾಗ್ನೆಟ್‌ಗಳಿರುತ್ತವೆ. ಅಂಗಡಿಯವರು ಹೊಸ ಕ್ಯಾಸೆಟ್ ಜೊತೆ ಬಂದ ಮಾಮೂಲಿ ಲಾಕ್‌ರಿಂಗನ್ನೇ ಹಾಕಿ, ಹಳೆಯದನ್ನು ಡಬ್ಬಿಗೆ ಎಸೆದಿದ್ದರು. ಪುಣ್ಯಕ್ಕೆ ಡಬ್ಬಿ ಇನ್ನೂ ಖಾಲಿ ಮಾಡಿರಲಿಲ್ಲ! ನೀವು ಮೊದಲೇ ಹೇಳಿಬಿಡಿ: ಹಳೆಯ ಲಾಕ್‌ರಿಂಗನ್ನೇ ವಾಪಸ್ ಹಾಕಬೇಕು ಅಂತ.

ಬ್ರೇಕು ಮೂರನೆಯದು. ಹಿಂದೆ 140 ಎಂ.ಎಂ. ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಇದ್ದರೆ 160ಕ್ಕೆ ಹೋಗಿ. ಉದ್ದ ಇಳಿಜಾರಿನಲ್ಲಿ ಬಿಸಿ ಕಮ್ಮಿಯಾಗುತ್ತದೆ. ಕ್ಯಾಲಿಪರ್ (ರೋಟರನ್ನು ಒತ್ತಿ ಹಿಡಿಯುವ ಭಾಗ) ಕೂರಿಸುವ ಅಡಾಪ್ಟರ್ ಬೇಕಾಗಬಹುದು, ಫ್ರೇಮ್ ಒಪ್ಪುತ್ತದೆಯೇ ಅಂತಲೂ ನೋಡಿ. ಲೋಹದ ಪ್ಯಾಡ್ ಹಾಕುವ ಆಸೆಯಿದ್ದರೆ ರೋಟರ್ ಮೇಲೆ ಬರೆದಿರುವುದನ್ನು ಓದಿ. ಕೆಲವು ರೋಟರ್ ರೆಸಿನ್ ಪ್ಯಾಡ್‌ಗೆ ಮಾತ್ರ.

ಎಲೆಕ್ಟ್ರಾನಿಕ್ ಗೇರು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ 105ರಲ್ಲಿ ಅದು ಬರುವುದು ಹನ್ನೆರಡು ಸ್ಪೀಡಿನಲ್ಲಿ. ಲಿವರ್, ಡಿರೇಲರ್, ಕ್ಯಾಸೆಟ್, ಚೈನ್ ಎಲ್ಲವೂ ಹೊಸದಾಗಬೇಕು. ಇರುವ ದುಡ್ಡೆಲ್ಲ ಅಲ್ಲಿಗೇ ಮುಗಿಯುತ್ತದೆ.

ವೇಗದ ಮಿತಿಗೆ ಕೈ ಹಾಕಲೇಬೇಡಿ. ಜರ್ಮನಿಯಲ್ಲಿ 250 ವ್ಯಾಟ್, 25 ಕಿ.ಮೀ. ಇರುವವರೆಗೆ ಅದು ಸೈಕಲ್. ಮಿತಿ ತೆಗೆದರೆ ಅದು ಮೋಟರ್ ವಾಹನ. ವಿಮೆ, ನಂಬರ್ ಪ್ಲೇಟ್ ಎರಡೂ ಬೇಕು. ಇಲ್ಲದೆ ಓಡಿಸಿ ಯಾರಿಗಾದರೂ ಗುದ್ದಿದರೆ ಕೇಸು ನಿಮ್ಮ ತಲೆಗೆ.

ದೂರ ಸಾಲುತ್ತಿಲ್ಲ ಅಂತಾದರೆ ಬಾಟಲಿ ಜಾಗದಲ್ಲಿ ಕೂರುವ ಹೆಚ್ಚುವರಿ ಬ್ಯಾಟರಿ ಇದೆ. ಮೋಟರ್ ಕಂಪನಿಯದನ್ನೇ ತಗೊಳ್ಳಿ. ಉಳಿದ ದುಡ್ಡು ಅದಕ್ಕೆ ಸರಿಹೋಗಬಹುದು. ಮೊದಲು ಡಿರೇಲರ್ ಎಸ್‌ಎಸ್ಸೋ ಜಿಎಸ್ಸೋ ನೋಡಿ ಹೇಳಿ. ಯಾವ ಕ್ಯಾಸೆಟ್, ಚೈನ್ ತಗೋಬೇಕು ಅಂತ ಆಮೇಲೆ ಬರೆಯುತ್ತೇನೆ.