ಶಿವಮೊಗ್ಗದಿಂದ ಎಡಿನ್‌ಬರ್ಗ್‌ಗೆ ಓದಲು ಹೊರಟಿದ್ದೇನೆ. ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತಿದ್ದೇನೆ, ಸ್ಕಾಟ್ಲೆಂಡ್‌ನ ತಣ್ಣನೆ ಸಮುದ್ರಕ್ಕೆ ಯಾವ ಕ್ಯಾಮೆರಾ ಒಯ್ಯಲಿ?

ನಿಮ್ಮ ಪ್ರಶ್ನೆಯಲ್ಲಿ ಶಿವಮೊಗ್ಗ ಅಂತ ಇರುವ ಕಡೆ ತೀರ್ಥಹಳ್ಳಿ ಅಂತ ಬರೆದರೆ ಅದು ನನ್ನದೇ ಕಥೆ. ನಾನೂ ಮುರುಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿಯಲ್ಲಿ ಕಲಿತವನು. ನಾನೂ ಎಡಿನ್‌ಬರ್ಗ್‌ಗೆ ಹೋದವನು. ನೀವು ಓದಲು ಹೊರಟಿದ್ದೀರಿ, ನಾನು ಕೆಲಸಕ್ಕೆ ಹೋಗಿದ್ದೆ, ಅಷ್ಟೇ ವ್ಯತ್ಯಾಸ. ನೀವು ಕೇಳಿದ್ದು ಎರಡು ವಿಷಯ. ಯಾವ ಕ್ಯಾಮೆರಾ ಒಳ್ಳೆಯದು? ಅಲ್ಲಿನ ನೀರಲ್ಲಿ ನೇತ್ರಾಣಿಯ ಬಣ್ಣ ಇಲ್ಲವಂತೆ, ಇಳಿಯೋದು ದಂಡವಾ? ಎರಡನೆಯದು ಯಾರೋ ನಿಮಗೆ ಹೇಳಿದ ಸುಳ್ಳು. ಮೊದಲನೆಯದನ್ನು ಈಗಲೇ ಕೇಳುವ ಅಗತ್ಯವಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಹೋಗುತ್ತಿದ್ದುದು ಸೇಂಟ್ ಆಬ್ಸ್ ಅನ್ನುವ ಹಳ್ಳಿಗೆ. ಎಡಿನ್‌ಬರ್ಗ್‌ನಿಂದ ಕಾರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಪುಟ್ಟ ಬಂದರು, ಎದುರಿಗೆ ಉತ್ತರ ಸಮುದ್ರ. 1984ರಿಂದ ಅಲ್ಲಿನ ಕಡಲನ್ನು ಜನ ತಾವಾಗಿಯೇ ಒಪ್ಪಂದ ಮಾಡಿಕೊಂಡು ಕಾಪಾಡಿಕೊಂಡು ಬಂದಿದ್ದಾರೆ. ಡೈವ್ ಮಾಡುವವರು ಕೆಳಗಿಂದ ಏನನ್ನೂ ಕಿತ್ತು ತರುವ ಹಾಗಿಲ್ಲ. ಮಾರ್ಚ್‌ನಲ್ಲಿ ನೀರು 6 ಡಿಗ್ರಿ ಆಸುಪಾಸು ಇರುತ್ತದೆ. ನೇತ್ರಾಣಿಯಲ್ಲಿ 28 ಡಿಗ್ರಿ ನೀರಿಗೆ ತೆಳು ಸೂಟ್ ಹಾಕಿ ಹಾರಿದವರಿಗೆ ಇದು ಬೇರೆಯೇ ಲೋಕ. ಅಮ್ಮ ಫೋನಲ್ಲಿ ಕೇಳುತ್ತಿದ್ದರು: "ಆ ಐಸ್ ನೀರಿಗೆ ಇಳಿದು ಮೀನಿನ ಫೋಟೊ ಎಂಥಕ್ಕೆ ಮಾರಾಯಾ, ತುಂಗೇಲಿ ಮೀನಿಲ್ವಾ?"

ಅಲ್ಲಿ ನನಗೆ ಬೇಕಿದ್ದುದು ವುಲ್ಫ್ ಫಿಶ್. ಅದು ಬಂಡೆಯ ಪೊಟರೆಯಲ್ಲಿ ಒಂಟಿಯಾಗಿರುವ ಮೀನು. ಬೂದು ನೀಲಿ ಮೈ, ಅಡ್ಡಪಟ್ಟೆ, ದಪ್ಪ ತುಟಿ, ತುಟಿಯಿಂದ ಈಚೆಗೆ ಚಾಚಿದ ಹಲ್ಲು. ಏಡಿಯನ್ನೂ ಮುಳ್ಳುಮುಳ್ಳಿನ ಸೀ ಅರ್ಚಿನ್‌ಗಳನ್ನೂ ಚಿಪ್ಪಿನ ಸಮೇತ ಅಗಿಯುತ್ತದೆ. ಸವೆದ ಹಲ್ಲು ವರ್ಷಕ್ಕೊಮ್ಮೆ ಬಿದ್ದು ಹೊಸದು ಬರುತ್ತದೆ. ರಕ್ತ ಮಂಜುಗಡ್ಡೆಯಾಗದಂತೆ ತಡೆಯುವ ಪ್ರೋಟೀನ್ ಅದರ ಮೈಯಲ್ಲೇ ಇದೆ. ಪೊಟರೆಯ ಬಾಯಲ್ಲಿ ಏಡಿಚಿಪ್ಪಿನ ಚೂರು ಬಿದ್ದಿದ್ದರೆ ಒಳಗೆ ಟಾರ್ಚ್ ಬಿಟ್ಟು ನೋಡಬೇಕು.

ಒಂದು ಮಾರ್ಚ್ ಬೆಳಿಗ್ಗೆ ಸಿಕ್ಕೇಬಿಟ್ಟಿತು. ಅದು ಓಡಲಿಲ್ಲ. ತಲೆ ಈಚೆ ಚಾಚಿ, ಬಾಯಿ ಮೆಲ್ಲಗೆ ತೆರೆದು ಮುಚ್ಚಿ, ನನ್ನನ್ನೇ ನೋಡುತ್ತಿತ್ತು. ಇದಕ್ಕಿಂತ ಒಳ್ಳೆ ಅವಕಾಶ ಯಾರಿಗೂ ಸಿಗಲ್ಲ. ಕ್ಲಿಕ್ ಮಾಡಿದೆ. ಸ್ಕ್ರೀನಿನಲ್ಲಿ ನಡುವೆಲ್ಲ ಬೆಳ್ಳಗೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಬಂಡೆ. ಹೌಸಿಂಗ್‌ನ, ಅಂದರೆ ನೀರು ತಾಗದಂತೆ ಕ್ಯಾಮೆರಾ ಇಡುವ ಡಬ್ಬಿಯ, ಗಾಜಿಗೆ ಒಳಗಿನಿಂದ ಆವಿ ಕಟ್ಟಿತ್ತು. ನೀರೊಳಗೆ ಅದನ್ನು ತೆಗೆದು ಒರೆಸೋದು ಹೇಗೆ? ಮತ್ತೆ ಹೋದಾಗ ಆ ಪೊಟರೆಯಲ್ಲಿ ಬರೀ ಏಡಿ.

ಆಗಿದ್ದೇನು ಅಂದರೆ, ನಾನು ಹೌಸಿಂಗ್ ಮುಚ್ಚಿದ್ದು ಅಡುಗೆಮನೆಯ ಮೇಜಿನ ಮೇಲೆ. ಒಲೆ ಮೇಲೆ ಗಂಜಿ ಕುದಿಯುತ್ತಿತ್ತು. ಕಿಟಕಿ ಮುಚ್ಚಿತ್ತು. ಹೀಟರ್ ಮೇಲೆ ಬಟ್ಟೆ ಒಣಗುತ್ತಿತ್ತು. ನನ್ನ ಗಮನವೆಲ್ಲ ಓ-ರಿಂಗ್ ಮೇಲೆ, ಅಂದರೆ ಹೌಸಿಂಗ್ ಮುಚ್ಚುವ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆಯ ಮೇಲೆ. ಅದರ ಮೇಲೆ ಒಂದು ಕೂದಲಿದ್ದರೂ ನೀರು ಒಳಗೆ ಬರುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಆದರೆ ಹೌಸಿಂಗ್ ಒಳಗೆ ನಾವು ಕ್ಯಾಮೆರಾ ಜೊತೆ ಗಾಳಿಯನ್ನೂ ತುಂಬಿ ಮುಚ್ಚುತ್ತೇವೆ ಅಲ್ವಾ, ಅದರ ಬಗ್ಗೆ ಯಾರೂ ಸೊಲ್ಲೆತ್ತಿರಲಿಲ್ಲ.

20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ಅದೇ ಗಾಳಿ 6 ಡಿಗ್ರಿಗೆ ಇಳಿದರೆ 7 ಗ್ರಾಂ ಚಿಲ್ಲರೆ ಮಾತ್ರ. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಎಲ್ಲಕ್ಕಿಂತ ಮೊದಲು ತಣ್ಣಗಾದ ಜಾಗಕ್ಕೆ. ನನ್ನದು ಪ್ಲಾಸ್ಟಿಕ್ ಹೌಸಿಂಗ್. ಅದರ ಮೈ ನಿಧಾನಕ್ಕೆ ತಣ್ಣಗಾಗುತ್ತದೆ, ಲೆನ್ಸ್ ಮುಂದಿನ ಗಾಜು ಬೇಗ. ಸಾಲದ್ದಕ್ಕೆ ಸ್ಕ್ರೀನ್ ಆನ್ ಇದ್ದಷ್ಟೂ ಕ್ಯಾಮೆರಾ ಬಿಸಿಯಾಗಿ ಒಳಗಿನ ತೇವವನ್ನು ಇನ್ನಷ್ಟು ಎಬ್ಬಿಸುತ್ತದೆ. ಹೌಸಿಂಗ್ ಒಳಗಿರುವುದು ಒಂದು ಲೋಟದಷ್ಟು ಗಾಳಿ, ಅದರಲ್ಲಿ ಎಷ್ಟು ಮಹಾ ನೀರಿರುತ್ತೆ ಅನ್ನಬೇಡಿ. ಗಾಜು ಮಬ್ಬಾಗಲು ಅಷ್ಟು ಧಾರಾಳ ಸಾಕು. ನೇತ್ರಾಣಿಯಲ್ಲಿ ಇದು ನನಗೆ ಗೊತ್ತಾಗದಿದ್ದುದಕ್ಕೂ ಇದೇ ಕಾರಣ. ಎಸಿ ರೂಮಲ್ಲಿ ಮುಚ್ಚಿದ್ದೆ, ನೀರು ಬೆಚ್ಚಗಿತ್ತು, ಆವಿ ಕಟ್ಟುವ ಪ್ರಶ್ನೆಯೇ ಬರಲಿಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲಿ ಅಂತ ಲೆನ್ಸ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕುವ ಊರಿನವನಿಗೆ ಇದು ಹೊಳೆಯಲಿಲ್ಲ ನೋಡಿ!

ಈಗ ನಾನು ಮಾಡುವುದು ಇಷ್ಟು. ಹಿಂದಿನ ರಾತ್ರಿಯೇ, ಮನೆಯಲ್ಲಿ ಅತಿ ತಣ್ಣಗಿರುವ, ಒಣಗಿದ ಜಾಗದಲ್ಲಿ ಹೌಸಿಂಗ್ ಮುಚ್ಚುತ್ತೇನೆ. ಹೊಸದಾಗಿ ಒಣಗಿಸಿದ ಸಿಲಿಕಾ ಜೆಲ್ ಪೊಟ್ಟಣ ಒಳಗಿಡುತ್ತೇನೆ. ರಾತ್ರಿಯೆಲ್ಲ ಅದು ತೇವ ಹೀರಿಕೊಳ್ಳಲಿ. ಬಂದರಿನಲ್ಲಿ ಗಡಿಬಿಡಿಯಲ್ಲಿ ಹಾಕಿದರೆ ಅದಕ್ಕೆ ಸಮಯ ಸಾಲುವುದಿಲ್ಲ. ಕಾರಲ್ಲಿ ಹೀಟರ್ ಗಾಳಿಗೆ ಇಡುವುದಿಲ್ಲ, ಡಿಕ್ಕಿಗೆ ಹಾಕುತ್ತೇನೆ. ಗಾಜಿನ ಮೇಲೆ ಬಾಯಿಂದ ಊದಿ ಒರೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನು ಬಣ್ಣದ ವಿಷಯ. ತಣ್ಣೀರು ಅಂದರೆ ಸತ್ತ ನೀರು ಅಂತ ನಮ್ಮ ಕಡೆ ಅಂದುಕೊಳ್ಳುತ್ತಾರೆ. 6 ಡಿಗ್ರಿಯ ಸಮುದ್ರ ನೇತ್ರಾಣಿಯ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಆಕ್ಸಿಜನ್ ಹಿಡಿದಿಟ್ಟುಕೊಳ್ಳಬಲ್ಲದು. ಸೇಂಟ್ ಆಬ್ಸ್‌ನ ಬಂಡೆಗಳ ಮೇಲೆ ಬೆರಳಿನ ಆಕಾರದ ಮೆತ್ತನೆ ಹವಳ, ಬಿಳಿ ಮತ್ತು ಕಿತ್ತಳೆ, ಗೋಡೆಗೋಡೆಯೇ ತುಂಬಿರುತ್ತದೆ. ಆದರೆ ಕೆಂಪು ಬೆಳಕು ನೀರಲ್ಲಿ ಮೊದಲ ಕೆಲವು ಮೀಟರಿನಲ್ಲೇ ಅಳಿಸಿಹೋಗುತ್ತದೆ. ಅದಕ್ಕೇ ಬರಿಗಣ್ಣಿಗೆ ಎಲ್ಲ ಹಸಿರು ಬೂದು. ಟಾರ್ಚ್ ಹಾಕಿ, ಆಮೇಲೆ ಮಾತಾಡಿ.

ಫ್ಲ್ಯಾಶ್ ಮಾತ್ರ ಲೆನ್ಸ್ ಪಕ್ಕದಲ್ಲೇ ಇಡಬೇಡಿ. ಅಲ್ಲಿನ ನೀರಲ್ಲಿ ಪ್ಲಾಂಕ್ಟನ್, ಅಂದರೆ ತೇಲುವ ಸಣ್ಣಸಣ್ಣ ಜೀವಿಗಳು, ಜಾಸ್ತಿ, ವಸಂತದಲ್ಲಂತೂ ವಿಪರೀತ. ನೇರ ಫ್ಲ್ಯಾಶ್ ಹೊಡೆದರೆ ಆಗುಂಬೆ ಘಾಟಿಯ ಮಂಜಿಗೆ ಹೈಬೀಮ್ ಹಾಕಿದ ಹಾಗೆ. ಫ್ಲ್ಯಾಶನ್ನು ಬದಿಗೆ ದೂರ ಚಾಚಿ, ಸ್ವಲ್ಪ ಹೊರಕ್ಕೆ ತಿರುಗಿಸಿ, ನೀವು ಮೀನಿನ ಹತ್ತಿರ ಹೋಗಿ. ಮಧ್ಯೆ ನೀರು ಕಡಿಮೆಯಾದಷ್ಟೂ ಫೋಟೊ ಚೊಕ್ಕ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಮಂಡಕ್ಕಿ ಹಾಕಿ ಮೀನು ಕರೆದ ಅಭ್ಯಾಸ ಅಲ್ಲಿ ಬೇಡ. ಅರ್ಚಿನ್ ಒಡೆದು ವುಲ್ಫ್ ಫಿಶ್‌ಗೆ ಆಮಿಷ ತೋರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕ್ಯಾಮೆರಾ ಈಗ ಬೇಡ ಅಂದಿದ್ದಕ್ಕೆ ಕಾರಣ ಡ್ರೈಸೂಟ್, ಅಂದರೆ ತಣ್ಣೀರಿಗೆ ಹಾಕುವ, ಒಳಗೆ ನೀರು ಬರದ ಸೂಟ್. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಕಸಿಯುತ್ತದೆ, ಹಾಗಾಗಿ ಸೂಟ್ ಒಳಗೆ ಗಾಳಿ ಇಟ್ಟುಕೊಂಡು ಇಳಿಯುತ್ತೀರಿ. ಫೋಟೊ ತೆಗೆಯುವವನು ಪೊಟರೆ ಇಣುಕಲು ತಲೆ ಕೆಳಗೆ ಮಾಡುತ್ತಾನೆ. ಗಾಳಿಯೆಲ್ಲ ಕಾಲಿಗೆ ಓಡುತ್ತದೆ. ಗಾಳಿ ಬಿಡುವ ವಾಲ್ವ್ ಇರುವುದು ತೋಳಿನಲ್ಲಿ. ಕಾಲು ಮೇಲಾಗಿ ಬಲೂನಿನಂತೆ ಏರತೊಡಗಿದರೆ ನಿಲ್ಲಿಸುವುದು ಕಷ್ಟ, ಹಾಗೆ ಏರಿದರೆ ಶ್ವಾಸಕೋಶಕ್ಕೇ ಏಟು. ಆದ್ದರಿಂದ ಮೊದಲು ಯೂನಿವರ್ಸಿಟಿಯ ಡೈವಿಂಗ್ ಕ್ಲಬ್ ಸೇರಿ, ಅವರ ಸೂಟಿನಲ್ಲಿ ಕಲಿಯಿರಿ, ಒಂದು ಸೀಸನ್ ಬರಿಗೈಯಲ್ಲಿ ಇಳಿಯಿರಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೀರು ಸ್ವಲ್ಪ ಬೆಚ್ಚಗೆ, ತಿಳಿಯಾಗಿಯೂ ಇರುತ್ತದೆ. ಪೂರ್ವದ ಗಾಳಿ ಬೀಸಿದ ದಿನ ಸುಮ್ನೆ ಮನೆಯಲ್ಲಿರಿ.

ಆಮೇಲೂ ಆಸೆ ಉಳಿದರೆ ಸೆಕೆಂಡ್ ಹ್ಯಾಂಡ್ ಒಲಿಂಪಸ್ ಟಿಜಿ-6 ಕ್ಯಾಮೆರಾ ಸಾಕು. ಹೌಸಿಂಗ್ ಇಲ್ಲದೆ 15 ಮೀಟರ್, ಅದರದೇ ಹೌಸಿಂಗ್ ಹಾಕಿದರೆ 45 ಮೀಟರ್ ತಡೆಯುತ್ತದೆ. ಕೊಳ್ಳುವ ಮೊದಲು ದಪ್ಪ ಕೈಗವಸು ಹಾಕಿಕೊಂಡೇ ಬಟನ್ ಒತ್ತಿ ನೋಡಿ. ಸೆಟ್ಟಿಂಗ್ ಎಲ್ಲ ದಡದಲ್ಲೇ ಮಾಡಿಡಿ, ಬೆರಳು ಮರಗಟ್ಟಿದ ಮೇಲೆ ಮೆನು ಹುಡುಕಲು ಆಗಲ್ಲ. ಬ್ಯಾಟರಿಯೂ ಚಳಿಗೆ ಬೇಗ ಇಳಿಯುತ್ತದೆ, ಇನ್ನೊಂದು ಇರಲಿ. ಜೂನ್‌ನಲ್ಲಿ ರಜೆಗೆ ಊರಿಗೆ ಬರುವುದಾದರೆ ಕ್ಯಾಮೆರಾವನ್ನು ಅಲ್ಲೇ ಯಾರದಾದರೂ ರೂಮಿನಲ್ಲಿ ಬಿಟ್ಟು ಬನ್ನಿ.