ಅಳಿಯನಿಗೆ ಶುಗರ್ ಬಂದಿದೆ, ಅತ್ತೆ ಮನೆಯವರಿಗೆ ಗೊತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ, ದಾವಣಗೆರೆಲಿ ಕೆಲಸ. ಮದುವೆಯಾಗಿ ಒಂದೂವರೆ ವರ್ಷ, ಹೆಂಡತಿ ತವರು ರಾಣೆಬೆನ್ನೂರು ಹತ್ರ ಒಂದು ಹಳ್ಳಿ. ಈ ಜನವರಿಲಿ ಆಫೀಸ್ ಹೆಲ್ತ್ ಚೆಕಪ್‌ನಲ್ಲಿ ಶುಗರ್ ಇದೆ ಅಂತ ಗೊತ್ತಾಯ್ತು, ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸೋ ಎಚ್‌ಬಿಎ1ಸಿ ಟೆಸ್ಟಲ್ಲಿ 8.4 ಇತ್ತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿರೋ ಮಾತ್ರೆ ತಗೋತಿದೀನಿ. ಹೆಂಡತಿಗೆ ಗೊತ್ತು, ಅವಳ ಮನೆಯವರಿಗೆ ಹೇಳಿಲ್ಲ. "ಮದುವೆಗೆ ಮುಂಚೆನೇ ಇತ್ತು, ಮುಚ್ಚಿಟ್ಟು ಮದುವೆ ಮಾಡಿದ್ರು ಅಂತಾರೆ, ಈಗ್ಲೇ ಬೇಡ" ಅಂತಾಳೆ. ಪಂಚಮಿಗೆ ಹೋದಾಗ ಉಂಡೆ ಮೇಲೆ ಉಂಡೆ, ಊಟಕ್ಕೆ ಹೋಳಿಗೆ. ಬೇಡ ಅಂದ್ರೆ ಅತ್ತೆ "ತಗೋರಿ ಅಳಿಯಂದ್ರ, ಹಬ್ಬದ ದಿನ ಏನಾಗಂಗಿಲ್ಲ" ಅಂತ ಹಾಕೇಬಿಡ್ತಾರೆ. ಮಾವ ಅಂತೂ "ನಾ ಈ ವಯಸ್ಸಿನಾಗ ಆರು ತಿಂತೀನಿ, ಯಾವ ಟೆಸ್ಟೂ ಮಾಡಿಸಿಲ್ಲ" ಅಂತಾರೆ. ಆವತ್ತು ನಾಲ್ಕು ಹೋಳಿಗೆ ತಿಂದು ಹೆದರಿ ರಾತ್ರಿ ಎರಡು ಮಾತ್ರೆ ನುಂಗಿದೆ. ಇನ್ನೊಂದು ಸಲ ಅಲ್ಲಿ ಹೇಗೂ ತಿನ್ನಬೇಕಲ್ಲ ಅಂತ ಬೆಳಿಗ್ಗೆ ಮಾತ್ರೆ ಮಾತ್ರ ತಗೊಂಡು ತಿಂಡಿ ಬಿಟ್ಟು ಹೊರಟೆ, ದಾರಿಲಿ ಕೈಕಾಲು ನಡುಗಿ ಮೈಯೆಲ್ಲ ಬೆವರು. ಈಗ ದೀಪಾವಳಿಗೆ ಕರೆದಿದ್ದಾರೆ, ಆಮೇಲೆ ನಾದಿನಿ ಮದುವೆ ಇದೆ. ಬೇಡ ಅಂದ್ರೆ ಅತ್ತೆ ಮುಖ ಸಣ್ಣದಾಗುತ್ತೆ, ತಿಂದ್ರೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲ್ಲ. ಏನ್ ಮಾಡ್ಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದ್ಲು ಮಾತ್ರೆ ವಿಷಯ ಮಾತಾಡಿಬಿಡೋಣ, ಅತ್ತೆ ಹೋಳಿಗೆ ಮರ್ಯಾದೆ ಎಲ್ಲ ಆಮೇಲೆ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗ್ಲೂ ಭಯ ಆಗಿದ್ದು ಆ ನಾಲ್ಕು ಹೋಳಿಗೆ ಓದಿ ಅಲ್ಲ, ರಾತ್ರಿ ನುಂಗಿದ ಎರಡು ಮಾತ್ರೆ ಓದಿ. ಗ್ಲಿಮೆಪಿರೈಡ್ ಇರೋ ಮಾತ್ರೆ ಸಕ್ಕರೆನ ಇಳಿಸೋದು ನೀವು ಎಷ್ಟು ತಿಂದಿದೀರಿ ಅಂತ ನೋಡ್ಕೊಂಡಲ್ಲ, ಅದು ಇನ್ಸುಲಿನ್ ಜಾಸ್ತಿ ಬಿಡಿಸ್ತಾನೇ ಇರುತ್ತೆ, ಹೋಳಿಗೆ ಸಕ್ಕರೆ ಒಂದೆರಡು ಗಂಟೇಲಿ ಏರಿ ಇಳಿಯೋಕೆ ಶುರುವಾದ್ಮೇಲೂ ಮಾತ್ರೆ ಕೆಲಸ ನಡೀತಾ ಇರುತ್ತೆ. ನಿದ್ದೆಲಿ ಸಕ್ಕರೆ 70ಕ್ಕಿಂತ ಕೆಳಗೆ ಹೋದ್ರೆ ಪಕ್ಕದಲ್ಲಿ ಮಲಗಿರೋರಿಗೂ ಗೊತ್ತಾಗಲ್ಲ. ದಾರಿಲಿ ಕೈ ನಡುಗಿ ಬೆವರಿದ್ರಲ್ಲ, ಅದು ಲೋ ಶುಗರ್ ಆಗಿರೋ ಸಾಧ್ಯತೆನೇ ಜಾಸ್ತಿ. ಬೈಕ್ ಓಡಿಸ್ತಿದ್ರಾ, ಬಸ್ಸಲ್ಲಿದ್ರಾ ಅಂತ ಬರೆದಿಲ್ಲ, ಬೈಕ್ ಆಗಿದ್ರೆ ದೊಡ್ಡ ಅನಾಹುತ ತಪ್ಪಿದೆ.

ಹಾಗಾಗಿ ಸಿಹಿ ತಿಂದೆ ಅಂತ ಮಾತ್ರೆ ಹೆಚ್ಚಿಸೋದು, ಸಿಹಿ ತಿನ್ನಬೇಕು ಅಂತ ಊಟ ಬಿಡೋದು ಎರಡೂ ಇವತ್ತಿಗೇ ನಿಲ್ಲಬೇಕು. ಹಬ್ಬಕ್ಕೆ ಮುಂಚೆ ನಿಮ್ಮ ಡಾಕ್ಟರ್ ಹತ್ರ ಒಂದ್ಸಲ ಹೋಗಿ ಆ ಎರಡೂ ಘಟನೆ ಹೇಳಿ, ಹಬ್ಬದ ದಿನ ಊಟ ಲೇಟಾದ್ರೆ ಮಾತ್ರೆ ಯಾವಾಗ ತಗೋಬೇಕು ಅಂತ ಕೇಳಿ ಬರೆಸ್ಕೊಂಡು ಬನ್ನಿ, ಡೋಸ್ ಬದಲಾಯಿಸೋದಿದ್ರೆ ಅವರೇ ಬದಲಾಯಿಸ್ಲಿ. ಮತ್ತೆ ಹಾಗೆ ನಡುಕ ಬಂದ್ರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡೀರಿ, ಕಾಲು ಗಂಟೆ ಬಿಟ್ಟು ಚೆಕ್ ಮಾಡಿ, ಇನ್ನೂ ಕಮ್ಮಿ ಇದ್ರೆ ಮತ್ತೆ ಅಷ್ಟೇ ಕುಡೀರಿ, ಸರಿ ಹೋದ್ಮೇಲೆ ಏನಾದ್ರೂ ಊಟ ಮಾಡಿ. ಆ ಹೊತ್ತಲ್ಲಿ ಮೈಸೂರ್ ಪಾಕೋ ಪೇಡಾನೋ ಬಾಯಿಗೆ ಹಾಕ್ಕೋಬೇಡಿ, ತುಪ್ಪ ಖೋವಾ ಇರೋ ಸಿಹಿಲಿ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ. ಇದನ್ನ ಹೆಂಡತಿಗೂ ಹೇಳಿಕೊಟ್ಟಿರಿ, ಜೊತೆಗೆ ಒಂದು ಮಾತು: ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ.

ಈಗ ಅತ್ತೆ ಮನೆ.

ನಮ್ಮ ಕಡೆ ಊಟಕ್ಕೆ ಕೂತೋರು ಒಂದ್ಸಲ "ಬೇಡ" ಅಂದ್ರೆ ಅದನ್ನ ಯಾರೂ ಬೇಡ ಅಂತ ತಗೊಳ್ಳಲ್ಲ, ಸಂಕೋಚ ಅಂದ್ಕೋತಾರೆ. ಎರಡು ಸಲ ಬೇಡ ಅಂದೋರಿಗೆ ಮೂರನೇ ಸಲ ಬಲವಂತ ಮಾಡಿ ಬಡಿಸೋದೇ ಉಪಚಾರ. ಬಡಿಸದೇ ಹೋದ್ರೆ ನಾಳೆ "ಅಳಿಯನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ" ಅನ್ನೋ ಮಾತು ನಿಮ್ಮ ಅತ್ತೆ ತಲೆ ಮೇಲೆ ಬರುತ್ತೆ, ಬೇರೆ ಯಾರ ಮೇಲೂ ಅಲ್ಲ. ಅವರು ಹಿಂದಿನ ದಿನದಿಂದ ಬೇಳೆ ಆರಿಸಿ, ಬೆಳಿಗ್ಗೆ ಎದ್ದು ಬೇಯಿಸಿ ಬೆಲ್ಲ ಹಾಕಿ ಹೂರಣ ರುಬ್ಬಿ, ಒಲೆ ಮುಂದೆ ನಿಂತು ಒಂದೊಂದೇ ಬೇಯಿಸಿ ನಿಮ್ಮ ತಟ್ಟೆಗೆ ಬಿಸಿಬಿಸಿ ತರ್ತಾರೆ, ನೀವು ಕಾರಣ ಹೇಳದೆ ಕೈ ಅಡ್ಡ ಇಡ್ತೀರಿ. ಅವರಿಗೆ ಗೊತ್ತಿರೋದು ಅಷ್ಟೇ. ರುಚಿ ಹಿಡಿಸ್ಲಿಲ್ವಾ, ನಮ್ಮ ಮೇಲೆ ಬೇಜಾರಾ, ಮಗಳ ಜೊತೆ ಜಗಳವಾ ಅಂತ ಅವರ ತಲೆ ಓಡುತ್ತೆ. ಮುಖ ಸಣ್ಣದಾಗೋದು ಅದಕ್ಕೆ. ಒತ್ತಾಯ ಮಾಡೋರು ಎಲ್ಲರೂ ಕೆಟ್ಟೋರಲ್ಲ, ನಿಮ್ಮ ಅತ್ತೆ ಅಂತೂ ಖಂಡಿತ ಅಲ್ಲ, ಅವರಿಗೆ ವಿಷಯ ಗೊತ್ತಿಲ್ಲ.

ಆದ್ರಿಂದ ನನ್ನ ಸಲಹೆ ನೇರವಾಗಿದೆ, ಹೇಳಿಬಿಡಿ. ಹಬ್ಬದ ದಿನ ತಟ್ಟೆ ಮುಂದೆ ಹತ್ತು ಜನರ ಮಧ್ಯೆ ಅಲ್ಲ, ಒಂದು ವಾರ ಮುಂಚೆ ಫೋನಲ್ಲಿ, ಅತ್ತೆಗೆ, ನಿಮ್ಮ ಬಾಯಿಂದಲೇ. ಹೆಂಡತಿ ಕೈಲಿ ಹೇಳಿಸಬೇಡಿ. ಅವಳು ಹೇಳಿದ್ರೆ ಮಗಳು ಏನೋ ಮುಚ್ಚಿಡ್ತಿದಾಳೆ ಅನಿಸುತ್ತೆ, ಅಳಿಯನೇ ಫೋನ್ ಮಾಡಿ "ಅತ್ತೆ, ನಿಮಗೊಂದು ವಿಷಯ ಹೇಳ್ಬೇಕು" ಅಂದ್ರೆ ಅದರ ತೂಕನೇ ಬೇರೆ. ಆದ್ರೆ ಮೊದ್ಲು ಹೆಂಡತಿ ಒಪ್ಪಬೇಕು, ಅವಳ ಹೆದರಿಕೆ ಸುಳ್ಳಲ್ಲ. "ಮುಚ್ಚಿಟ್ಟು ಮದುವೆ ಮಾಡಿದ್ರು" ಅನ್ನೋ ಮಾತು ನಮ್ಮಲ್ಲಿ ಎಷ್ಟು ಸಂಬಂಧ ಕೆಡಿಸಿದೆ ಅಂತ ಎಲ್ಲರಿಗೂ ಗೊತ್ತು. ಆದ್ರೆ ಅವಳಿಗೆ ಇದನ್ನ ಕೇಳಿ: ಹತ್ತು ತಿಂಗಳಿಗೆ ಹೇಳಿದ್ರೆ ಬರೋ ಮಾತು ದೊಡ್ಡದಾ, ಐದು ವರ್ಷ ಆದ್ಮೇಲೆ ನಿಮ್ಮ ಬ್ಯಾಗಲ್ಲಿ ಮಾತ್ರೆ ಸಿಕ್ಕಿ ಗೊತ್ತಾದ್ರೆ ಬರೋ ಮಾತು ದೊಡ್ಡದಾ? ಮೇಲಾಗಿ ನಿಮ್ಮ ಹತ್ರ ಜನವರಿ ರಿಪೋರ್ಟ್ ಇದೆ, ಅದರ ಮೇಲೆ ತಾರೀಖಿದೆ.

ಇಲ್ಲೊಂದು ಎಚ್ಚರಿಕೆ. "ಮದುವೆ ಆದ್ಮೇಲೇ ಬಂದಿದ್ದು" ಅಂತ ಹೇಳೋಕೆ ಹೋಗಬೇಡಿ, ಅದು ನಿಮಗೂ ಗೊತ್ತಿಲ್ಲ. ಟೈಪ್ 2 ಶುಗರ್ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತೆ, ಚೆಕ್ ಮಾಡಿಸಿದ ದಿನ ಗೊತ್ತಾಗುತ್ತೆ. "ಜನವರಿಲಿ ಗೊತ್ತಾಯ್ತು" ಅನ್ನೋದು ನಿಜ, ಅಷ್ಟು ಹೇಳಿ. ನಾಳೆ ಯಾರಾದ್ರೂ ಓದಿದೋರು ಕೆದಕಿ ಕೇಳಿದ್ರೂ ಆ ಮಾತು ನಿಲ್ಲುತ್ತೆ.

ಮಾತು ಹೀಗೆ ಇರ್ಲಿ: "ಅತ್ತೆ, ಜನವರಿಲಿ ಆಫೀಸ್ ಚೆಕಪ್‌ನಲ್ಲಿ ನಂಗೆ ಶುಗರ್ ಇದೆ ಅಂತ ಗೊತ್ತಾಯ್ತು. ಹೇಳೋಕೆ ಸಂಕೋಚ ಆಗಿ ಸುಮ್ನಿದ್ದೆ. ಮಾತ್ರೆ ತಗೋತಿದೀನಿ, ಚೆನ್ನಾಗಿದೀನಿ. ಹಬ್ಬಕ್ಕೆ ಬಂದೇ ಬರ್ತೀವಿ. ನಿಮ್ಮ ಹೋಳಿಗೆ ಅರ್ಧ ತಿಂತೀನಿ, ಅದಕ್ಕಿಂತ ಜಾಸ್ತಿ ಹಾಕಬೇಡಿ. ನಂಗೆ ಪುಂಡಿ ಪಲ್ಯ, ಮಡಕಿಕಾಳು ಪಲ್ಯ, ಪಚಡಿ ಮಾಡಿಡಿ." ಕೊನೇ ವಾಕ್ಯ ಬಿಡಬೇಡಿ, ಅದೇ ಮುಖ್ಯ. ಬರೀ ಬೇಡ ಅಂದ್ರೆ ಅವರ ಕೈಗೆ ಕೆಲಸ ಇಲ್ಲದಂಗಾಗುತ್ತೆ, ಇದು ಮಾಡಿಡಿ ಅಂದ್ರೆ ಅಳಿಯನಿಗೆ ಏನು ಮಾಡ್ಲಿ ಅನ್ನೋ ಅವರ ಆಸೆಗೆ ದಾರಿ ಸಿಗುತ್ತೆ. ಅವತ್ತು ಅವರೇ ನಿಮ್ಮ ಪರವಾಗಿ ನಿಂತ್ಕೋತಾರೆ ನೋಡಿ, ಬೇರೆ ಯಾರಾದ್ರೂ ಹೋಳಿಗೆ ತಂದ್ರೆ "ಅವರಿಗೆ ಹಾಕಬ್ಯಾಡ್ರಿ" ಅಂತ ಅಡುಗೆಮನೆಯಿಂದಲೇ ಕೂಗ್ತಾರೆ.

ಅರ್ಧ ಹೋಳಿಗೆ ಅಂತ ಯಾಕೆ ಹೇಳ್ದೆ ಅಂದ್ರೆ, ಶುಗರ್ ಇರೋರು ಜೀವನಪೂರ್ತಿ ಸಿಹಿ ಮುಟ್ಟಲೇಬಾರದು ಅಂತೇನಿಲ್ಲ. ಆಸೆಪಟ್ಟು ಅರ್ಧ ತಿನ್ನಿ, ನೆಮ್ಮದಿಯಾಗಿ ತಿನ್ನಿ, ಬಲವಂತಕ್ಕೆ ನಾಲ್ಕು ತಿನ್ನಬೇಡಿ. ನಿಮ್ಮ ಕಡೆ ಹಬ್ಬದ ಊಟದಲ್ಲಿ ಹೋಳಿಗೆ ತುಪ್ಪನೇ ಮೊದಲು ಬರುತ್ತೆ ಅಲ್ವಾ, ಅದನ್ನ ತಟ್ಟೆಲಿ ಪಕ್ಕಕ್ಕೆ ಸರಿಸಿಟ್ಟು ಪಚಡಿ, ಕಾಳು ಪಲ್ಯ ಮೊದ್ಲು ತಿನ್ನಿ, ಹೋಳಿಗೆ ಕೊನೆಗೆ. ತರಕಾರಿ ಕಾಳು ಮೊದ್ಲು ಹೊಟ್ಟೆಗೆ ಹೋದ್ರೆ ಸಕ್ಕರೆ ಅಷ್ಟು ರಭಸವಾಗಿ ಏರಲ್ಲ. ಇದರಲ್ಲಿ ಇನ್ನೊಂದು ಲಾಭ ಇದೆ, ತಟ್ಟೆಲಿ ಹೋಳಿಗೆ ಕಾಣ್ತಾ ಇದ್ರೆ ಬಡಿಸೋರು ಮುಂದೆ ಹೋಗ್ತಾರೆ, ಖಾಲಿ ಕಂಡ್ರೇ ನಿಲ್ಲೋದು. ಹೋಳಿಗೆ ತಿಂದ ಹೊತ್ತು ಅನ್ನ ರೊಟ್ಟಿ ಕಮ್ಮಿ ಮಾಡಿ, ಜೋಳದ ರೊಟ್ಟಿ ಅಂತ ಲೆಕ್ಕ ಬಿಡಬೇಡಿ. ಊಟ ಆದ್ಮೇಲೆ ಮಲಗೋ ಬದ್ಲು ಎಲೆ ಅಡಿಕೆ ತರೋ ನೆಪದಲ್ಲಾದ್ರೂ ಹದಿನೈದು ನಿಮಿಷ ನಡೆದು ಬನ್ನಿ, ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್‌ನಲ್ಲಿ ನೋಡಿ, ಸಾಮಾನ್ಯವಾಗಿ 180ರ ಒಳಗೆ ಇರಬೇಕು ಅಂತಾರೆ.

"ಒಂದು ದಿನಕ್ಕೆ ಏನಾಗಲ್ಲ" ಅನ್ನೋ ಮಾತಿಗೂ ಉತ್ತರ ಹೇಳ್ತೀನಿ. ಒಂದು ದಿನ ಆಗಿದ್ರೆ ನಾನೂ ಸುಮ್ನಿರ್ತಿದ್ದೆ. ಪಂಚಮಿ ಉಂಡೆ, ವರಮಹಾಲಕ್ಷ್ಮಿ, ಗಣಪತಿ ಕಡುಬು, ದಸರಾ, ದೀಪಾವಳಿ, ಮಧ್ಯೆ ಯಾರದ್ದೋ ಸೀಮಂತ, ಗೃಹಪ್ರವೇಶ, ಆಫೀಸಲ್ಲಿ ಪೇಡಾ ಬಾಕ್ಸ್, ಹೀಗೆ ಶ್ರಾವಣದಿಂದ ದೀಪಾವಳಿ ತನಕ ಮೂರು ತಿಂಗಳು ಒಂದೊಂದೇ ದಿನ ಸೇರುತ್ತೆ. ಎಚ್‌ಬಿಎ1ಸಿ ತೋರಿಸೋದೂ ಹೆಚ್ಚುಕಮ್ಮಿ ಅದೇ ಎರಡು ಮೂರು ತಿಂಗಳ ಸರಾಸರಿ. 8.4 ಇರೋರು ಸುಮಾರು 7ರ ಕೆಳಗೆ ಬರಬೇಕು ಅಂತ ಹೊರಟಿರೋವಾಗ ಈ ಮೂರು ತಿಂಗಳನ್ನ ಬಿಟ್ಟುಕೊಡೋಕೆ ಆಗಲ್ಲ.

"ಬೆಲ್ಲದ್ದು, ಸಕ್ಕರೆ ಅಲ್ಲ" ಅಂತಾರೆ. 100 ಗ್ರಾಂ ಸಕ್ಕರೆಲಿ ಸುಮಾರು 400 ಕ್ಯಾಲರಿ, ಬೆಲ್ಲದಲ್ಲಿ ಸುಮಾರು 380, ರಕ್ತಕ್ಕೆ ಹೋದ್ಮೇಲೆ ದೊಡ್ಡ ವ್ಯತ್ಯಾಸ ಇಲ್ಲ. ಶುಗರ್ ಫ್ರೀ ಸ್ವೀಟ್ ಅಂತ ಯಾರಾದ್ರೂ ಪ್ರೀತಿಯಿಂದ ತಂದ್ರೂ ಅದರಲ್ಲಿರೋ ಮೈದಾ, ಖೋವಾ ಎಲ್ಲೂ ಹೋಗಿರಲ್ಲ. ಆದ್ರೆ ಇದನ್ನೆಲ್ಲ ಪಂಕ್ತಿಲಿ ಕೂತು ವಾದ ಮಾಡಬೇಡಿ, ವಾದಕ್ಕೆ ಇಳಿದ್ರೆ ಹಾಗಲಕಾಯಿ ಜ್ಯೂಸು, ಮೆಂತ್ಯ, ಅಜ್ಜ 90 ವರ್ಷ ಬದುಕಿದ್ದು ಎಲ್ಲ ಬರುತ್ತೆ, ನೀವು ಸುಸ್ತಾಗಿ ಕೊನೆಗೆ ತಿಂದೇಬಿಡ್ತೀರಿ. "ಹೌದ್ರಿ, ಆದ್ರೆ ನಂಗೆ ಡಾಕ್ಟರ್ ಇಷ್ಟೇ ಅಂದಿದ್ದಾರೆ, ಇನ್ನೊಂದು ಸೌಟು ಪಲ್ಯ ಹಾಕ್ರಿ" ಅನ್ನಿ. ಬಡಿಸೋರಿಗೆ ಏನಾದ್ರೂ ಬಡಿಸೋಕೆ ಕೊಡಿ. ದೇವರ ಪ್ರಸಾದ ಬಂದ್ರೆ ಕಡಲೆಕಾಳಿನಷ್ಟು ತಗೊಂಡು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕ್ಕೊಳ್ಳಿ, ಅದಕ್ಕೆ ಯಾರ ತಕರಾರೂ ಇರಲ್ಲ.

ನಾದಿನಿ ಮದುವೆಲಿ ಪರಿಸ್ಥಿತಿ ಬೇರೆ, ಬಡಿಸೋರು ಗುರುತಿನೋರಲ್ಲ, ಊಟ ಎರಡು ಮೂರು ಗಂಟೆಗೆ ಹೋಗಬಹುದು, ನೀವು ಓಡಾಟದಲ್ಲಿರ್ತೀರಿ. ಬೆಳಿಗ್ಗೆ ತಿಂಡಿ ಗಟ್ಟಿಯಾಗಿ ಮಾಡ್ಕೊಂಡೇ ಮಂಟಪಕ್ಕೆ ಹೋಗಿ, ಜೇಬಲ್ಲಿ ಸಕ್ಕರೆ ಪೊಟ್ಟಣ ಇರ್ಲಿ, ಮನೆಯೋರಲ್ಲಿ ಇನ್ನೊಬ್ಬರಿಗಾದ್ರೂ, ಭಾವಮೈದ ಇದ್ರೆ ಅವನಿಗೆ, ಲೋ ಶುಗರ್ ಅಂದ್ರೆ ಏನು ಅಂತ ಹೇಳಿಟ್ಟಿರಿ. ವಾಪಸ್ ಹೊರಡೋವಾಗ ಮಗಳಿಗೆ ಅಂತ ಡಬ್ಬಿ ಕಟ್ತಾರಲ್ಲ, ಅದು ಇನ್ನೂ ಹದಿನೈದು ದಿನ ನಿಮ್ಮ ಮನೇಲಿ ಕೂತು ಕರೀತಿರುತ್ತೆ. ಉಂಡೆ ಬದ್ಲು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕೊಡಿ ಅಂತ ಹೆಂಡತಿನೇ ಕೇಳ್ಲಿ.

ವಿಷಯ ಹೊರಗೆ ಬಂದ್ಮೇಲೆ ಇನ್ನೊಂದು ಥರದ ಕಿರಿಕಿರಿನೂ ಶುರುವಾಗುತ್ತೆ, ಅದಕ್ಕೂ ರೆಡಿ ಇರಿ. ಯಾರೋ ಚಿಕ್ಕಪ್ಪ ನಿಮ್ಮ ಅರ್ಧ ಹೋಳಿಗೆ ನೋಡಿ "ನಿಮಗ ಶುಗರ್ ಅಲ್ಲೇನ್ರಿ, ಯಾಕ ತಿಂತೀರಿ" ಅಂತ ಎಲ್ಲರ ಮುಂದೆ ಕೇಳ್ತಾರೆ. "ಲೆಕ್ಕದಲ್ಲೇ ತಿಂತಿದೀನಿ ಕಾಕಾ" ಅಂತ ಹೇಳಿ ತಿಂದು ಮುಗಿಸಿ. ತಲೆ ತಗ್ಗಿಸೋ ಕಾರಣ ಏನೂ ಇಲ್ಲ. ಐಸಿಎಂಆರ್ ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟ ಆಯ್ತಲ್ಲ, ಅದರ ಪ್ರಕಾರ ನಮ್ಮಲ್ಲಿ ವಯಸ್ಕರಲ್ಲಿ ಶೇ 11.4 ಜನಕ್ಕೆ ಶುಗರ್ ಇದೆ, ಇನ್ನೂ ಶೇ 15.3 ಜನ ಬಾರ್ಡರ್‌ನಲ್ಲಿದ್ದಾರೆ. ನಾದಿನಿ ಮದುವೆಲಿ ನೂರು ಜನದ ಪಂಕ್ತಿ ಕೂತ್ರೆ ಅದರಲ್ಲಿ ಸುಮಾರು ಹನ್ನೊಂದು ಜನ ನಿಮ್ಮಂಥೋರೇ ಇರ್ತಾರೆ ಅಂತಾಯ್ತು, ಕೆಲವರಿಗೆ ತಮಗಿದೆ ಅಂತಾನೂ ಗೊತ್ತಿರಲ್ಲ.

ಅದಕ್ಕೇ ನಿಮ್ಮ ಮಾವನ ಮಾತು ನನ್ನ ತಲೇಲಿ ಉಳಿದಿದೆ. ಯಾವ ಟೆಸ್ಟೂ ಮಾಡಿಸಿಲ್ಲ ಅಂದ್ರೆ ಶುಗರ್ ಇಲ್ಲ ಅಂತ ಅರ್ಥ ಅಲ್ಲ. ನೀವು ಹೇಗೂ ಕಣ್ಣಿನ ರೆಟಿನಾ, ಮೂತ್ರದ ಆಲ್ಬುಮಿನ್, ಪಾದ ಇಷ್ಟನ್ನ ವರ್ಷಕ್ಕೊಂದ್ಸಲ ನೋಡಿಸ್ಕೋಬೇಕು, ಇನ್ನೂ ಮಾಡಿಸಿಲ್ಲ ಅಂದ್ರೆ ಹಬ್ಬಕ್ಕೆ ಹೋದಾಗ ಮಾರನೇ ದಿನ ರಾಣೆಬೆನ್ನೂರಲ್ಲೇ ಮಾಡಿಸಿ, ಮಾವನ್ನೂ ಜೊತೆಗೆ ಕರ್ಕೊಂಡು ಹೋಗಿ. ರಾತ್ರಿ ಊಟ ಆದ್ಮೇಲೆ ಏನೂ ತಿನ್ನದೆ ಬೆಳಿಗ್ಗೆ ಖಾಲಿ ಹೊಟ್ಟೆಲಿ ಅವರ ರಕ್ತ ಕೊಡಿಸಿ. 100ರ ಒಳಗಿದ್ರೆ ಸಂತೋಷ, 126 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ್‌ಗೆ ತೋರಿಸಿ ಇನ್ನೊಂದ್ಸಲ ಟೆಸ್ಟ್ ಮಾಡಿಸಿ, ಮಧ್ಯದಲ್ಲಿದ್ರೂ ಬಿಡಬೇಡಿ, ಆ ರಿಪೋರ್ಟ್ ಹಿಡ್ಕೊಂಡು ಅತ್ತೆ ಹತ್ರ ನೀವಿಬ್ಬರೂ ಕೂತು ಮಾತಾಡಿ.