ಆಫ್ರಿಕಾದಲ್ಲಿ ಸ್ಪ್ಯಾನಿಷ್ ಪಾಠ

ಪ್ರಶ್ನೆ: ಆಫ್ರಿಕಾದಲ್ಲಿ ಇಂಗ್ಲಿಷ್, ಫ್ರೆಂಚ್ ಹೇರಿದ್ದು ಗೊತ್ತು. ಸ್ಪ್ಯಾನಿಷ್ ಕೂಡ ಹೇರಿದ್ದರೇ? (ಓದುಗರು, ಸಾಗರ)

ಉತ್ತರ: ಹೌದು. ಒಮ್ಮೆ ಸ್ಪೇನಿನ ವಸಾಹತಾಗಿದ್ದ ಈಕ್ವಟೋರಿಯಲ್ ಗಿನಿ ದೇಶದಲ್ಲಿ ಇಂದಿಗೂ ಅದು ಅಧಿಕೃತ ಭಾಷೆ. ಅದರ ಬಿಯೋಕೊ ದ್ವೀಪದಲ್ಲಿ ಮೊದಲು ಶಾಲೆ ನಡೆಸುತ್ತಿದ್ದವರು ಇಂಗ್ಲಿಷ್ ಬ್ಯಾಪ್ಟಿಸ್ಟರು, ಅಂದರೆ ಪ್ರೊಟೆಸ್ಟಂಟ್ ಮಿಷನರಿಗಳು. 1858ರಲ್ಲಿ ಸ್ಪೇನ್ ಅವರನ್ನು ಹೊರದಬ್ಬಿತು. 1883ರಲ್ಲಿ ಸ್ಪೇನಿನ ಕ್ಯಾಥೊಲಿಕ್ ಸಂಘವಾದ ಕ್ಲಾರೆಟಿಯನ್ ಪಾದ್ರಿಗಳು ಬಂದರು. ಅವರಲ್ಲೊಬ್ಬರಾದ ಹೋಆಕಿನ್ ಹುವಾನೋಲಾ 1890ರಲ್ಲಿ ದ್ವೀಪದ ಮೂಲನಿವಾಸಿಗಳ ಬುಬಿ ಭಾಷೆಯ ವ್ಯಾಕರಣವನ್ನೇ ಬರೆದರು. ಆದರೆ ತರಗತಿಯಲ್ಲಿ ಬುಬಿ ಮಕ್ಕಳು ಬಾಯಿಪಾಠ ಮಾಡಬೇಕಾಗಿದ್ದ ಧರ್ಮಬೋಧೆ ಸ್ಪ್ಯಾನಿಷ್‌ನಲ್ಲಿತ್ತು. ನಲವತ್ತು ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಇದು ನುಂಗಲಾರದ ಸಂಗತಿ: ಮಗುವಿನ ಭಾಷೆ ಮೇಷ್ಟರಿಗೆ ಬರುತ್ತದೆ, ಆದರೂ ಪಾಠಕ್ಕೆ ಅದು ಬೇಡ!

ಇನ್ನೂ ಕ್ರೂರವಾದದ್ದು 'ಎಮಾನ್ಸಿಪಾದೋ' ವ್ಯವಸ್ಥೆ. ಓದು, ಉದ್ಯೋಗ, ನಡತೆಯಲ್ಲಿ ಸ್ಪೇನಿನವರಂತಾದ ಕೆಲವೇ ಆಫ್ರಿಕನ್ನರಿಗೆ ಸ್ಪೇನಿನವರಂಥ ಹಕ್ಕು. ಉಳಿದವರು ಕಾನೂನಿನ ಕಣ್ಣಿಗೆ ಅಪ್ರಾಪ್ತರಂತೆ; ಅವರ 'ಪಾಲಕ' ಸ್ಥಾನದಲ್ಲಿ 1904ರಲ್ಲಿ ಹುಟ್ಟಿದ ಸರ್ಕಾರಿ ಮಂಡಳಿ.

1968ರ ಅಕ್ಟೋಬರ್ 12ರಂದು ಸ್ವಾತಂತ್ರ್ಯ ಬಂತು. ಫಾಂಗ್, ಬುಬಿಯಂಥ ಸ್ಥಳೀಯ ಭಾಷೆಗಳು ಮನೆಗಳಲ್ಲಿ ಉಳಿದಿವೆ. ಬಿಯೋಕೊದ ಮಲಬೋ ನಗರದ ಬೀದಿಗಳಲ್ಲಿ ಇಂಗ್ಲಿಷ್ ಬೇರಿನ ಪಿಚಿ ಭಾಷೆಯೂ ಕೇಳುತ್ತದೆ. ಶಾಲೆಯಲ್ಲಿ ಮಾತ್ರ ಸ್ಪ್ಯಾನಿಷ್‌ನದೇ ಪಾರುಪತ್ಯ.